ಬೇಸಿಗೆಯಲ್ಲಿ ಹುಟ್ಟುವ ದ್ವೀಪಗಳು



ದ್ವೀಪ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಸಮುದ್ರ, ಅಲೆಗಳು, ತೆಂಗಿನ ಮರಗಳು, ಹಡಗು ಒಡೆದು ದಡ ಸೇರಿದ ಒಬ್ಬಂಟಿ ನಾವಿಕ. ದಾವಣಗೆರೆಯಲ್ಲೋ ಹರಿಹರದಲ್ಲೋ ಓದುತ್ತಿರುವ ನಿಮಗೆ ದ್ವೀಪವೆಂಬುದು ಭೂಗೋಳದ ಪಾಠದಲ್ಲಿ ಬಂದುಹೋಗುವ ಸಂಗತಿ ಎನಿಸಿದರೆ ಆಶ್ಚರ್ಯವಿಲ್ಲ. ಸುತ್ತಲೂ ನೀರಿರುವ ಭೂಭಾಗವೇ ದ್ವೀಪ ಎಂದು ಬರೆದರೆ ಒಂದು ಅಂಕ ಸಿಗುತ್ತದೆ. ಅಲ್ಲಿಗೆ ದ್ವೀಪದ ಸಹವಾಸ ಮುಗಿಯುತ್ತದೆ.

ಆದರೆ ನಾನು ಇಂದು ಹೇಳಹೊರಟಿರುವ ದ್ವೀಪಗಳು ಸಮುದ್ರದಲ್ಲಿಲ್ಲ. ದಾವಣಗೆರೆಯಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿವೆ. ವರ್ಷದ ಅರ್ಧ ಕಾಲ ಅವು ಇರುವುದೇ ಇಲ್ಲ. ಬೇಸಿಗೆ ಬಂದಂತೆ ಒಂದೊಂದಾಗಿ ಹುಟ್ಟುತ್ತವೆ, ಮಳೆಗಾಲ ಬಂತೆಂದರೆ ಮುಳುಗಿಹೋಗುತ್ತವೆ. ಇನ್ನೂ ವಿಚಿತ್ರವೆಂದರೆ, ಅವುಗಳ ಹುಟ್ಟಿಗೂ ನಿಮ್ಮ ಮನೆಯ ನಲ್ಲಿಗೂ, ನೀವು ಸಂಜೆ ಮಿರ್ಚಿಯ ಜೊತೆ ತಿನ್ನುವ ಮಂಡಕ್ಕಿಗೂ ಸಂಬಂಧವಿದೆ. ಹೇಗೆ ಎಂಬುದನ್ನು ಒಟ್ಟಿಗೆ ನೋಡೋಣ.

ಆ ದ್ವೀಪಗಳು ಇರುವುದು ಭದ್ರಾ ಜಲಾಶಯದ ಹಿನ್ನೀರಿನಲ್ಲಿ. ಭದ್ರಾ ನದಿ ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ ಹುಟ್ಟುತ್ತದೆ. ಅದೇ ಬೆಟ್ಟಸಾಲಿನಲ್ಲಿ ತುಂಗೆಯೂ ಹುಟ್ಟುತ್ತಾಳೆ. ಅಕ್ಕತಂಗಿಯರು ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ, ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತಾರೆ. ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು ಈ ನದಿಯ ದಂಡೆಯಲ್ಲಿಯೇ. ಕೂಡಲಿಗೆ ಬರುವ ಮೊದಲು, ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಲಾಗಿದೆ. ಕಾಮಗಾರಿ ಆರಂಭವಾದದ್ದು 1947ರಲ್ಲಿ, ಮುಗಿದದ್ದು 1960ರ ದಶಕದಲ್ಲಿ. ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ ಸುಮಾರು 71.5 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,800 ಕೋಟಿ ಲೀಟರ್ ನೀರು. ನಮ್ಮ ಕಡೆಯ ರೈತರಿಗೆ 186 ಎಂಬುದು ಬರಿಯ ಸಂಖ್ಯೆಯಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ಚಹಾದಂಗಡಿಯ ಮುಂದೆ ಪತ್ರಿಕೆ ಹಿಡಿದವರು ಮೊದಲು ಹುಡುಕುವುದು ಭದ್ರೆ ಎಷ್ಟು ಅಡಿಗೆ ಬಂತು ಎಂಬುದನ್ನೇ.

ಅಲ್ಲಿಂದ ಹೊರಡುವ ಬಲದಂಡೆ ನಾಲೆಯ ನೀರು ದಾವಣಗೆರೆ ಮತ್ತು ಮಲೇಬೆನ್ನೂರು ಶಾಖಾ ನಾಲೆಗಳಲ್ಲಿ ಹರಿದು ನಮ್ಮ ಗದ್ದೆ, ತೋಟಗಳಿಗೆ ಬರುತ್ತದೆ. ದಾವಣಗೆರೆಯ ಕುಂದುವಾಡ ಕೆರೆಗೂ, ಊರವರು ಟಿ.ವಿ. ಸ್ಟೇಷನ್ ಕೆರೆ ಎಂದು ಕರೆಯುವ ಕೆರೆಗೂ ಬಂದು ತುಂಬುವುದು ಈ ನಾಲೆಯ ನೀರೇ. ಅಲ್ಲಿ ಶುದ್ಧವಾಗಿ ನಿಮ್ಮ ನಲ್ಲಿಗೆ ಬರುತ್ತದೆ. ಹಾಗಾದರೆ ನೀವು ಈ ಬೆಳಿಗ್ಗೆ ಕುಡಿದ ನೀರು ಒಂದು ದಿನ ಆ ದ್ವೀಪಗಳ ಸುತ್ತ ನಿಂತಿದ್ದ ನೀರಾಗಿರಬಹುದು.

ಇನ್ನು ದ್ವೀಪಗಳ ಮಾತಿಗೆ ಬರೋಣ. ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಕಣಿವೆಗಳು ಮುಳುಗಿದವು. ಗುಡ್ಡಗಳ ನೆತ್ತಿ ಮಾತ್ರ ನೀರಿನ ಮೇಲೆ ಉಳಿಯಿತು. ಎತ್ತರದ ಗುಡ್ಡಗಳು ವರ್ಷವಿಡೀ ದ್ವೀಪಗಳಾಗಿಯೇ ಉಳಿದಿವೆ. ತಗ್ಗಿನ ದಿಬ್ಬಗಳು ಮಳೆಗಾಲದಲ್ಲಿ ಮುಳುಗಿ, ನಾಲೆಗೆ ನೀರು ಬಿಟ್ಟು ಮಟ್ಟ ಇಳಿದಂತೆ ಫೆಬ್ರುವರಿ, ಮಾರ್ಚ್ ತಿಂಗಳ ಹೊತ್ತಿಗೆ ತಲೆ ಎತ್ತುತ್ತವೆ. ಅವುಗಳ ಮೇಲೆ ಮರವಿಲ್ಲ, ನೆರಳಿಲ್ಲ. ಕೆಮ್ಮಣ್ಣು, ಜಲ್ಲಿ, ಒಣಗಿದ ಕೆಸರು. ನೋಡುವವರಿಗೆ ಬೋಳು ದಿಣ್ಣೆ. ಆದರೆ ಒಂದು ಹಕ್ಕಿ ಇಡೀ ವರ್ಷ ಈ ಬೋಳು ದಿಣ್ಣೆಗಾಗಿ ಕಾದಿರುತ್ತದೆ.

ಅದರ ಹೆಸರು ರೀವ. ಇಂಗ್ಲಿಷಿನಲ್ಲಿ ರಿವರ್ ಟರ್ನ್ ಎನ್ನುತ್ತಾರೆ. ಪಾರಿವಾಳಕ್ಕಿಂತ ತೆಳುವಾದ ಮೈ, ಬೂದುಬಿಳಿ ಬಣ್ಣ, ಸಂತಾನದ ಕಾಲದಲ್ಲಿ ತಲೆಯ ಮೇಲೆ ಕಪ್ಪು ಟೋಪಿ, ಅಚ್ಚ ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿಯಂತೆ ಸೀಳಿದ ಉದ್ದನೆಯ ಬಾಲ. ನೀರಿನ ಮೇಲೆ ತೇಲಿದಂತೆ ಹಾರುತ್ತಾ ಬಂದು, ತಟ್ಟನೆ ತಲೆಕೆಳಗಾಗಿ ಧುಮುಕಿ ಮೀನು ಹಿಡಿಯುತ್ತದೆ. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ನೆಲದಲ್ಲಿ ಬೊಗಸೆಗಿಂತ ಚಿಕ್ಕದಾದ ಒಂದು ತಗ್ಗು ಮಾಡಿ, ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ ಇಡುತ್ತದೆ. ಕಂದುಚುಕ್ಕೆಗಳ ಮಣ್ಣುಬಣ್ಣದ ಮೊಟ್ಟೆ. ಒಂದು ಮಾರು ದೂರದಿಂದ ನೋಡಿದರೂ ಅದು ಮೊಟ್ಟೆಯೋ ಕಲ್ಲೋ ತಿಳಿಯದು. ಅದೇ ಅದರ ರಕ್ಷಣೆ.

ಆ ರಕ್ಷಣೆಯೇ ಅದರ ಆಪತ್ತು ಕೂಡ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಹರಿಹರದಲ್ಲಿ ಓದುತ್ತಿದ್ದ ದಿನಗಳ ಮಾತು. ಏಪ್ರಿಲ್ ತಿಂಗಳು. ಪರೀಕ್ಷೆ ಮುಗಿದಿತ್ತು. ತುಂಗಭದ್ರೆ ಸೊರಗಿ ಎರಡು ಸೀಳಾಗಿ ಹರಿಯುತ್ತಿದ್ದಳು, ನಡುವೆ ಉದ್ದನೆಯ ಮರಳುದಿಣ್ಣೆ. ನಾವು ನಾಲ್ವರು ಗೆಳೆಯರು ಮೊಣಕಾಲುದ್ದದ ನೀರಿನಲ್ಲಿ ನಡೆದು ಆ ದಿಣ್ಣೆ ಹತ್ತಿದೆವು. ಹತ್ತಿದ್ದೇ ತಡ, ಹಕ್ಕಿಗಳು ಮೇಲೆದ್ದು ಕಿರುಚತೊಡಗಿದವು. ಒಂದೊಂದು ನೆತ್ತಿಯ ಮೇಲೇ ಎರಗಿ ಬರುತ್ತಿತ್ತು. ನಮಗೆ ಅದೊಂದು ತಮಾಷೆ. ಕೈಬೀಸಿ ಓಡಿಸುತ್ತಾ ಆ ತುದಿಯಿಂದ ಈ ತುದಿಗೆ ಓಡಾಡಿದೆವು. ಸ್ವಲ್ಪ ಹೊತ್ತಾದ ಮೇಲೆ ನನ್ನ ಹವಾಯಿ ಚಪ್ಪಲಿ ಜಾರಿದಂತಾಯಿತು. ಬಗ್ಗಿ ನೋಡಿದರೆ ಅಂಟು ಅಂಟಾದ ಹಳದಿ, ಒಡೆದ ಚಿಪ್ಪು. ಪಕ್ಕದಲ್ಲೇ ಒಡೆಯದ ಇನ್ನೊಂದು ಮೊಟ್ಟೆ. ಏನು ಮಾಡಬೇಕೆಂದು ತಿಳಿಯದೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ. ಅಜ್ಜಿ ನೋಡಿದರು. ಬೈಯಲಿಲ್ಲ. “ಎಲ್ಲಿಂದ ತಂದ್ಯೋ ಅಲ್ಲೇ ಇಟ್ಟು ಬಾ ಮಗಾ” ಎಂದರು ಅಷ್ಟೇ. ಸಂಜೆ ಮತ್ತೆ ನದಿಗೆ ಓಡಿದೆ. ದಿಣ್ಣೆಯ ತುಂಬ ನಮ್ಮದೇ ಹೆಜ್ಜೆಗುರುತುಗಳು. ಎಲ್ಲಿಂದ ಎತ್ತಿದ್ದೆನೋ ಆ ಜಾಗ ಎಷ್ಟು ಹುಡುಕಿದರೂ ಸಿಗಲಿಲ್ಲ. ಕತ್ತಲಾಗುವವರೆಗೆ ಹುಡುಕಿ, ಯಾವುದೋ ಒಂದು ತಗ್ಗಿನಲ್ಲಿ ಇಟ್ಟು ಬಂದೆ. ಅದು ಯಾವ ತಾಯಿಗೂ ಸೇರದ ಜಾಗವೆಂದು ನನಗೆ ಗೊತ್ತಿತ್ತು.

ಆಗ ನನಗೆ ಆ ಹಕ್ಕಿಯ ಹೆಸರೂ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ನಂತರ ಕಾಲೇಜಿನಲ್ಲಿ ಪಾಠ ಹೇಳುವವನಾಗಿ, ವಿದ್ಯಾರ್ಥಿಗಳ ಒಂದು ಚಿಕ್ಕ ತಂಡವನ್ನು ಕರೆದುಕೊಂಡು ಲಕ್ಕವಳ್ಳಿಗೆ ಹೋದಾಗ ಅದನ್ನು ಮತ್ತೆ ಕಂಡೆ.

ಹೋಗುವ ದಾರಿ ಸುಲಭ. ದಾವಣಗೆರೆಯಿಂದ ಸಂತೆಬೆನ್ನೂರು, ಚನ್ನಗಿರಿ, ಭದ್ರಾವತಿಯ ಮೇಲೆ ಹೋಗಬಹುದು. ಹರಿಹರದವರು ಹೊನ್ನಾಳಿ, ಶಿವಮೊಗ್ಗ ಮಾರ್ಗವನ್ನು ಹಿಡಿಯಬಹುದು. ಸಂತೆಬೆನ್ನೂರಿನ ಪುಷ್ಕರಣಿಯನ್ನು ನೋಡಿಕೊಂಡೇ ಮುಂದೆ ಹೋಗಿ. ಅಣೆಕಟ್ಟಿನ ಬಳಿಯ ಊರನ್ನು ಜನ ಇಂದಿಗೂ ಬಿ.ಆರ್. ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ಸಮೀಪದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆಗುವ ಮೊದಲು ನಮ್ಮ ಕಾಲೇಜುಗಳೂ ಅದರ ಅಡಿಯಲ್ಲೇ ಇದ್ದವು.

ಜಲಾಶಯದ ಆಚೆ ದಡದಿಂದ ಹಬ್ಬಿರುವುದು ಭದ್ರಾ ಅಭಯಾರಣ್ಯ. 1951ರಲ್ಲಿ ಜಾಗರ ಕಣಿವೆಯ ವನ್ಯಧಾಮವಾಗಿ ಆರಂಭವಾಗಿ, 1974ರಲ್ಲಿ ವಿಸ್ತಾರಗೊಂಡು ಭದ್ರಾ ಎಂಬ ಹೆಸರು ಪಡೆದು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಸುಮಾರು 490 ಚದರ ಕಿಲೋಮೀಟರ್ ಕಾಡು. ಹುಲಿ, ಚಿರತೆ, ಆನೆ, ಕಾಡುಕೋಣ, ಕಡವೆ, ನೀರಿನಲ್ಲಿ ಮೊಸಳೆ, ನೀರುನಾಯಿ. ಈ ಕಾಡಿನೊಳಗೆ ಹಿಂದೆ ಹಳ್ಳಿಗಳಿದ್ದವು. ಗದ್ದೆ, ದನಕರು, ದೇವಸ್ಥಾನ ಎಲ್ಲವೂ ಇದ್ದವು. 2001-02ರ ಸುಮಾರಿಗೆ ನಾಲ್ಕುನೂರಕ್ಕೂ ಹೆಚ್ಚು ಕುಟುಂಬಗಳು ಕಾಡನ್ನು ಬಿಟ್ಟು, ಹೊರಗೆ ಕೊಟ್ಟ ಜಮೀನಿಗೆ ಬಂದು ನೆಲೆಸಿದವು. ಶಾಲೆ, ಆಸ್ಪತ್ರೆ, ರಸ್ತೆ ಹತ್ತಿರವಾದವು ಎಂದು ಹೊರಟವರುಂಟು, ಹುಟ್ಟಿದ ಮಣ್ಣನ್ನು ಬಿಟ್ಟ ಸಂಕಟವೂ ಉಂಟು. ನೀವು ಅಲ್ಲಿ ನಿಂತು ‘ಎಷ್ಟು ನಿಶ್ಶಬ್ದ’ ಎಂದು ಹಿಗ್ಗುವಾಗ, ಆ ನಿಶ್ಶಬ್ದಕ್ಕೆ ತಮ್ಮ ಮನೆಯನ್ನೇ ಬಿಟ್ಟುಕೊಟ್ಟವರಿದ್ದಾರೆ ಎಂಬುದನ್ನು ನೆನಪಿಡಿ.

ತಂಗಲು ಏನು ವ್ಯವಸ್ಥೆ ಎಂದು ನೀವು ಕೇಳಬಹುದು. ಲಕ್ಕವಳ್ಳಿಯಲ್ಲಿ ಹಿನ್ನೀರಿನ ಅಂಚಿನಲ್ಲೇ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ತಂಗುದಾಣವಿದೆ. ಅದಕ್ಕೆ ಈ ಹಕ್ಕಿಯ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿಯ ದರ ವಿದ್ಯಾರ್ಥಿಗಳ ಜೇಬಿಗೆ ಭಾರ. ತಂಡವಾಗಿ ಹೋಗುವವರು ಭದ್ರಾವತಿಯಲ್ಲೋ ತರೀಕೆರೆಯಲ್ಲೋ ಉಳಿದು, ಬೆಳಗಿನ ಜಾವ ಹೊರಟು ಬರಬಹುದು. ಶಾಲಾ ಮಕ್ಕಳಿಗಾಗಿ ಅರಣ್ಯ ಇಲಾಖೆಯು ‘ಚಿಣ್ಣರ ವನ ದರ್ಶನ’ ಎಂಬ ಹೆಸರಿನಲ್ಲಿ ಕಾಡಿನ ಶಿಬಿರಗಳನ್ನು ನಡೆಸಿದೆ. ನಿಮ್ಮ ಮುಖ್ಯೋಪಾಧ್ಯಾಯರ ಮೂಲಕ ವಿಚಾರಿಸಿ. ಒಂದು ಮಾತು ಮಾತ್ರ ನೆನಪಿರಲಿ: ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ದೋಣಿಯಲ್ಲಿ ಹೋಗುವುದಾದರೂ ಅನುಮತಿ ಪಡೆದ ದೋಣಿಯಲ್ಲೇ, ಜೀವರಕ್ಷಕ ಕವಚ ತೊಟ್ಟೇ ಹೋಗಬೇಕು.

ನಾವು ಹೋದದ್ದು ಏಪ್ರಿಲ್‌ನಲ್ಲಿ. ಬೆಳಿಗ್ಗೆ ಆರೂವರೆಗೆ ದೋಣಿ ಹೊರಟಿತು. ನೀರಿನ ಮೇಲೆ ತೆಳುವಾದ ಮಂಜು. ನೀರಿನಲ್ಲಿ ಮುಳುಗಿ ಸತ್ತ ಮರಗಳ ಬೊಡ್ಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಕಾದು ಕುಳಿತಿದ್ದವು. ದೂರದ ದಡದಲ್ಲಿ ಮರಿಯೊಂದಿಗೆ ಒಂದು ಆನೆ ನೀರಿಗಿಳಿಯುತ್ತಿತ್ತು. ಆಮೇಲೆ ಒಂದು ತಿರುವು. ತಿರುವಿನಾಚೆ ದ್ವೀಪ. ಅದು ಕಾಣಿಸುವ ಮೊದಲೇ ಕೇಳಿಸಿತು. ನೂರಾರು ಹಕ್ಕಿಗಳ ಕೂಗು ಸಂತೆಯ ಗದ್ದಲದಂತೆ. ಮಣ್ಣಿನ ದಿಬ್ಬದ ಮೇಲೆ ಒಂದೊಂದು ಮೊಳಕ್ಕೆ ಒಂದೊಂದು ಹಕ್ಕಿ ಕಾವಿಗೆ ಕುಳಿತಿತ್ತು. ಗಂಡುಗಳು ಮೀನು ತಂದು ಹೆಣ್ಣಿನ ಬಾಯಿಗೆ ಕೊಡುತ್ತಿದ್ದವು.

ದೋಣಿ ದೂರದಲ್ಲೇ ನಿಂತಿತು. ನಮ್ಮ ತಂಡದ ಒಬ್ಬ ಹುಡುಗ, ಕೈಯಲ್ಲಿ ಮೊಬೈಲು ಹಿಡಿದವನು, “ಐದೇ ನಿಮಿಷ ಇಳಿದು ಒಂದು ಫೋಟೋ ತೆಗೆದು ಬರ್ತೀವಿ ಅಣ್ಣಾ” ಎಂದು ದೋಣಿಯವರನ್ನು ಕೇಳಿದ. ಅವರು ಇಂಜಿನ್ ಆರಿಸಿ, “ಇಳಿಯೋ ಹಂಗಿಲ್ಲ ತಮ್ಮಾ. ಅಲ್ಲಿ ಕಾಲಿಡಾಕೆ ಜಾಗ ಎಲ್ಲೈತೆ? ಎಲ್ಲಾ ಮನೇನೇ” ಎಂದರು. ಹುಡುಗ ಮುಖ ಸಪ್ಪಗೆ ಮಾಡಿಕೊಂಡ. ನಾನು ಆಗ ನನ್ನ ಹವಾಯಿ ಚಪ್ಪಲಿಯ ಕಥೆಯನ್ನು ಮೊದಲ ಬಾರಿಗೆ ಇನ್ನೊಬ್ಬರಿಗೆ ಹೇಳಿದೆ.

ಐದು ನಿಮಿಷದಲ್ಲಿ ಏನಾಗುತ್ತದೆ ಎಂಬುದನ್ನು ಅರ್ಥಮಾಡಿಕೊಳ್ಳುವುದು ಮುಖ್ಯ. ಮನುಷ್ಯ ಇಳಿದೊಡನೆ ಹಕ್ಕಿಗಳೆಲ್ಲ ಮೇಲೇಳುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಕಾದ ನೆಲದ ಮೇಲೆ ಮೊಟ್ಟೆಗಳು ತೆರೆದುಬೀಳುತ್ತವೆ. ತಾಯಿ ಅಲ್ಲಿ ಕೂರುವುದು ಮೊಟ್ಟೆಗೆ ಕಾವು ಕೊಡಲು ಮಾತ್ರವಲ್ಲ, ನಡುಹಗಲಿನಲ್ಲಿ ನೆರಳು ಕೊಡಲು ಕೂಡ. ಎದೆಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಂಪಾಗಿಡುವುದೂ ಉಂಟು. ತಾಯಿ ಎದ್ದರೆ ಆ ತಂಪು ಹೋಯಿತು. ಕಾಗೆ, ಹದ್ದುಗಳು ಇಂಥ ಸಮಯಕ್ಕೇ ಹೊಂಚುತ್ತಿರುತ್ತವೆ. ಮೊಟ್ಟೆ ಒಡೆದು ಮರಿ ಬರಲು ಸುಮಾರು ಮೂರು ವಾರ, ಮರಿ ಹಾರಲು ಇನ್ನೂ ಸುಮಾರು ಒಂದು ತಿಂಗಳು. ದಿನಕ್ಕೆ ಒಂದೇ ದೋಣಿಯವರು ಐದೈದು ನಿಮಿಷ ಇಳಿದರೂ ಆ ವರ್ಷದ ಸಂತಾನ ಕೈಬಿಟ್ಟಂತೆಯೇ.

ಆಗ ಮಲೇಬೆನ್ನೂರು ಕಡೆಯಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಒಂದು ಪ್ರಶ್ನೆ ಕೇಳಿದಳು. ಅವರ ಗದ್ದೆ ನಾಲೆಯ ಕೊನೆಯ ಭಾಗದಲ್ಲಿದೆ. “ಸರ್, ನಮ್ಮ ಗದ್ದೆಗೆ ನೀರು ಬಿಟ್ಟರೆ ಈ ಹಕ್ಕಿಗೆ ಒಳ್ಳೆಯದಾ, ಕೆಟ್ಟದ್ದಾ?”

ನನಗೆ ತಕ್ಷಣ ಉತ್ತರ ಹೇಳಲಾಗಲಿಲ್ಲ. ಅಂದು ರಾತ್ರಿ ತಂಗಿದ್ದಲ್ಲಿ ಎಲ್ಲರೂ ಕುಳಿತು ಆ ಪ್ರಶ್ನೆಯನ್ನೇ ಬಿಡಿಸಿದೆವು. ನೀವೂ ನಮ್ಮೊಡನೆ ಯೋಚಿಸಿ.

ಮೊದಲನೆಯದಾಗಿ, ಜಲಾಶಯದಿಂದ ನೀರು ಹೊರಗೆ ಹೋಗದಿದ್ದರೆ ದಿಬ್ಬ ತಲೆ ಎತ್ತುವುದೇ ಇಲ್ಲ. ಅಂದರೆ ನಮ್ಮ ಬೇಸಿಗೆ ಭತ್ತಕ್ಕೆ ಹರಿದುಬಂದ ನೀರೇ ಅಲ್ಲಿ ರೀವಕ್ಕೆ ನೆಲವನ್ನು ಬಿಟ್ಟುಕೊಡುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಅರಳುವ ಭತ್ತಕ್ಕೂ ಲಕ್ಕವಳ್ಳಿಯ ದ್ವೀಪಕ್ಕೂ ಇರುವ ನಂಟು ಇದು. ಎರಡನೆಯದಾಗಿ, ನೀರು ಮಿತಿಮೀರಿ ಇಳಿದರೆ ದಿಬ್ಬಕ್ಕೂ ದಡಕ್ಕೂ ನಡುವೆ ನೆಲ ಕಾಣಿಸಿಕೊಳ್ಳುತ್ತದೆ. ದ್ವೀಪ ದ್ವೀಪವಾಗಿ ಉಳಿಯುವುದಿಲ್ಲ. ನಾಯಿ, ನರಿ, ಮುಂಗುಸಿ, ಮೇಯುವ ದನ ನಡೆದೇ ಬಂದುಬಿಡುತ್ತವೆ. ಮೂರನೆಯದಾಗಿ, ಮರಿಗಳು ಹಾರುವ ಮೊದಲೇ ಮಳೆ ಜೋರಾಗಿ ನೀರು ಏರಿದರೆ ತಗ್ಗಿನಲ್ಲಿರುವ ಮೊಟ್ಟೆ ಮರಿಗಳು ಮುಳುಗುತ್ತವೆ. ಹೀಗಾಗಿ ಉತ್ತರ ಒಳ್ಳೆಯದು ಎಂದೂ ಅಲ್ಲ, ಕೆಟ್ಟದ್ದು ಎಂದೂ ಅಲ್ಲ. ಎಷ್ಟು ನೀರು, ಯಾವಾಗ ಎಂಬುದರ ಮೇಲೆ ಎಲ್ಲವೂ ನಿಂತಿದೆ. ರೈತನ ಪ್ರಶ್ನೆಯೂ ಅದೇ ಅಲ್ಲವೇ?

2023ರ ಮಳೆಗಾಲ ನಿಮಗೆ ನೆನಪಿರಬಹುದು. ಆ ವರ್ಷ ಭದ್ರೆ ತುಂಬಲಿಲ್ಲ. ನಾಲೆಗೆ ನೀರು ಬಿಡುವ ವಿಷಯದಲ್ಲಿ ದಾವಣಗೆರೆಯ ರೈತರು ಬೀದಿಗಿಳಿದರು. ಊರು ಬಂದ್ ಆಯಿತು. 2024ರ ಮಳೆಗಾಲದಲ್ಲಿ ಜಲಾಶಯ ಮತ್ತೆ ತುಂಬಿತು. ಬರದ ವರ್ಷದಲ್ಲಿ ಪ್ರತಿ ಅಡಿ ನೀರಿಗೂ ಹತ್ತು ಕೈ ಚಾಚುತ್ತವೆ: ಗದ್ದೆ, ತೋಟ, ಊರಿನ ನಲ್ಲಿ, ಕಾರ್ಖಾನೆ. ಆ ಸಾಲಿನಲ್ಲಿ ರೀವವೂ ನಿಂತಿದೆ. ಅದಕ್ಕೆ ಬಾಯಿಲ್ಲ, ಅಷ್ಟೇ. ಹಾಗೆಂದು ರೈತನ ನೀರನ್ನು ಕಿತ್ತು ಹಕ್ಕಿಗೆ ಕೊಡಿ ಎಂದು ನಾನು ಹೇಳುವುದಿಲ್ಲ. ವ್ಯರ್ಥವಾಗುವ ನೀರನ್ನು ಉಳಿಸಿದರೆ ಇಬ್ಬರಿಗೂ ಉಳಿಯುತ್ತದೆ ಎಂಬುದಷ್ಟೇ ನನ್ನ ಮಾತು. ನಿಮ್ಮ ಬೀದಿಯಲ್ಲಿ ಒಡೆದು ಸೋರುವ ಕೊಳಾಯಿ ಭದ್ರೆಯದೇ ಸೋರಿಕೆ.

ಇನ್ನೊಂದು ಪ್ರಶ್ನೆ ಉಳಿಯಿತು. ಹೆಸರೇ ನದಿಯ ಹಕ್ಕಿ, ಮತ್ತೇಕೆ ಜಲಾಶಯದ ದಿಬ್ಬಕ್ಕೆ ಬಂತು? ನದಿಯ ನಡುವಿನ ಮರಳುದಿಣ್ಣೆಗಳೇ ಅದರ ಹಳೆಯ ಮನೆ. ಆ ದಿಣ್ಣೆಗಳು ಕರಗುತ್ತಿವೆ. ಅಣೆಕಟ್ಟುಗಳಿಂದಾಗಿ ನದಿಯ ಹರಿವು ಬದಲಾಯಿತು. ಕಟ್ಟಡಗಳಿಗಾಗಿ ಮರಳು ಲಾರಿಗಳನ್ನೇರಿ ಹೋಯಿತು. ಉಳಿದ ದಿಣ್ಣೆಗಳಲ್ಲಿ ಜನ, ನಾಯಿ, ದನಗಳ ಓಡಾಟ. ಹೀಗಾಗಿ ರೀವ ಈಗ ಜಗತ್ತಿನ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಹರಿಹರದ ಸೇತುವೆಯ ಮೇಲೆ ನಿಂತು ಬೇಸಿಗೆಯಲ್ಲಿ ಒಮ್ಮೆ ಕೆಳಗೆ ನೋಡಿ. ನಾನು ಚಿಕ್ಕವನಿದ್ದಾಗ ಕಂಡ ಮರಳಿಗೂ ಇಂದು ನಿಮಗೆ ಕಾಣುವ ಮರಳಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ. ನದಿಯಲ್ಲಿ ಮನೆ ಕಳೆದುಕೊಂಡ ಹಕ್ಕಿ ಮನುಷ್ಯ ಕಟ್ಟಿದ ಜಲಾಶಯದಲ್ಲಿ ಬಾಡಿಗೆಗೆ ಬಂದಿದೆ ಎನ್ನೋಣ.

ದ್ವೀಪಗಳು ಜಗತ್ತಿಗೆ ಕಲಿಸಿದ ಪಾಠಗಳು ಹಲವು. ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಎಂಬ ದ್ವೀಪವಿದೆ. ಸುಮಾರು 72 ಕಿಲೋಮೀಟರ್ ಉದ್ದ. 1940ರಿಂದ ಅದು ರಾಷ್ಟ್ರೀಯ ಉದ್ಯಾನ. ಅಲ್ಲಿ ವಾಹನಗಳ ರಸ್ತೆಯಿಲ್ಲ. ದೋಣಿಯಲ್ಲೋ ಸಣ್ಣ ವಿಮಾನದಲ್ಲೋ ಹೋಗಿ, ಬೆನ್ನಿಗೆ ಚೀಲ ಹಾಕಿ ನಡೆದು, ಗುಡಾರದಲ್ಲಿ ತಂಗಬಹುದು. ಚಳಿಗಾಲದಲ್ಲಿ ಇಡೀ ಉದ್ಯಾನಕ್ಕೇ ಬೀಗ. ಅಲ್ಲಿಯ ತೋಳಗಳನ್ನೂ ಮೂಸ್ ಎಂಬ ದೊಡ್ಡ ಕಡವೆಗಳನ್ನೂ 1958ರಿಂದ ಎಡೆಬಿಡದೆ ಅಧ್ಯಯನ ಮಾಡುತ್ತಿದ್ದಾರೆ. ಹೊರಗಿನಿಂದ ಹೊಸ ತೋಳಗಳು ಬರುವುದು ನಿಂತು, ಒಂದು ಹಂತದಲ್ಲಿ ಎರಡೇ ತೋಳಗಳು ಉಳಿದವು. 2018ರಿಂದ ಬೇರೆ ಕಡೆಯ ತೋಳಗಳನ್ನು ತಂದು ಬಿಡಬೇಕಾಯಿತು. ಪನಾಮಾ ಕಾಲುವೆಗಾಗಿ ನದಿಗೆ ಅಡ್ಡಕಟ್ಟೆ ಹಾಕಿದಾಗ ಒಂದು ಗುಡ್ಡ ಬಾರೋ ಕೊಲೊರಾಡೊ ಎಂಬ ದ್ವೀಪವಾಯಿತು, ಥೇಟ್ ನಮ್ಮ ಭದ್ರೆಯ ದಿಬ್ಬಗಳ ಹಾಗೆ. 1923ರಿಂದ ಅದು ಸಂರಕ್ಷಿತ. ಕಾಡು ಹಾಗೆಯೇ ಉಳಿದರೂ ಅಲ್ಲಿಯ ಹಲವು ಜಾತಿಯ ಹಕ್ಕಿಗಳು ಕಾಲಕ್ರಮದಲ್ಲಿ ಕಾಣೆಯಾದವು.

ನಮ್ಮ ನಾಡಿನಲ್ಲೂ ಇಂಥ ಉದಾಹರಣೆಗಳಿವೆ. ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆ ಇದೆ. ತುಂಗೆಯ ನಡುವೆ ಒಂದು ಎಕರೆಗೆ ತುಸು ಹೆಚ್ಚಿನ ನಡುಗಡ್ಡೆ, ಮಳೆಗಾಲದಲ್ಲಿ ಅದರ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ದೋಣಿ ಬೇಡ, ರಸ್ತೆಯ ಬದಿಯಲ್ಲಿ ನಿಂತೇ ನೋಡಬಹುದು. ಅಲ್ಲಿಂದ ಹರಿದ ನೀರೂ ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು ಹರಿಹರಕ್ಕೇ ಬರುತ್ತದೆ. ಗಮನಿಸಿ: ತುಂಗೆಯ ದ್ವೀಪಕ್ಕೆ ಮಳೆಗಾಲ ಹಬ್ಬ, ಭದ್ರೆಯ ದ್ವೀಪಕ್ಕೆ ಬೇಸಿಗೆ ಹಬ್ಬ.

ಈ ಎಲ್ಲ ಕಥೆಗಳ ಸಾರ ಒಂದೇ. ದ್ವೀಪಕ್ಕೆ ನೀರೇ ಕೋಟೆ. ಆದರೆ ಆ ಕೋಟೆಯೊಳಗೆ ಏನಾದರೂ ಕೆಟ್ಟರೆ ತಪ್ಪಿಸಿಕೊಂಡು ಓಡಲು ಅಲ್ಲಿಯ ಜೀವಿಗಳಿಗೆ ಜಾಗವಿಲ್ಲ. ಆದ್ದರಿಂದ ದ್ವೀಪಕ್ಕೆ ಹೋಗುವ ಅತಿಥಿ ಬೇರೆ ಕಡೆ ಹೋಗುವವನಿಗಿಂತ ಹೆಚ್ಚು ಎಚ್ಚರದಿಂದ ನಡೆದುಕೊಳ್ಳಬೇಕು.

ನೀವು ಹೋಗುವುದಾದರೆ ಕೆಲವು ಮಾತುಗಳನ್ನು ನೆನಪಿನಲ್ಲಿಡಿ. ಕೆಂಪು, ಬಿಳಿ ಬಟ್ಟೆ ಬೇಡ. ಮಣ್ಣು, ಎಲೆಯ ಬಣ್ಣದ ಬಟ್ಟೆ ಇರಲಿ. ದುರ್ಬೀನು ಇದ್ದರೆ ಒಂದನ್ನೇ ಹತ್ತು ಜನ ಹಂಚಿಕೊಳ್ಳಬಹುದು. ದೋಣಿಯವರು ಹತ್ತಿರ ಒಯ್ಯುತ್ತೇನೆ ಎಂದರೂ ನೀವೇ ಬೇಡವೆನ್ನಿ. ಹಕ್ಕಿ ಎದ್ದು ಹಾರಿತೆಂದರೆ ನೀವು ಅಗತ್ಯಕ್ಕಿಂತ ಹತ್ತಿರ ಹೋಗಿದ್ದೀರಿ ಎಂದೇ ಅರ್ಥ. ರಾತ್ರಿ ತಂಗಿದಲ್ಲಿ ಹಾಡು ಹಾಕಬೇಡಿ, ದೀಪ ಆರಿಸಿ. ಅರ್ಧ ಗಂಟೆ ಕತ್ತಲಲ್ಲಿ ಸುಮ್ಮನೆ ಕುಳಿತರೆ ಕಾಡು ತಾನಾಗಿ ಮಾತನಾಡುತ್ತದೆ: ಕಡವೆಯ ಎಚ್ಚರಿಕೆಯ ಕೂಗು, ನತ್ತಿಂಗದ ಸದ್ದು, ನೀರಿಗೆ ಏನೋ ಬಿದ್ದ ಶಬ್ದ. ಒಯ್ದ ಪ್ಲಾಸ್ಟಿಕ್ಕನ್ನು ಹಾಗೆಯೇ ಮರಳಿ ತನ್ನಿ. ಗರಿಯಾಗಲಿ ಚಿಪ್ಪಾಗಲಿ ನೆನಪಿಗೆಂದು ಎತ್ತಿಕೊಂಡು ಬರಬೇಡಿ.

ಎಲ್ಲರಿಗೂ ಹೋಗಲಾಗದು, ನಿಜ. ಹೋಗಲಾಗದವರಿಗೂ ಕೆಲಸವಿದೆ. ಕುಂದುವಾಡ ಕೆರೆಯ ಏರಿಯ ಮೇಲೋ ಕೊಂಡಜ್ಜಿ ಕೆರೆಯ ದಂಡೆಯಲ್ಲೋ ವಾರಕ್ಕೊಮ್ಮೆ ಒಂದು ಗಂಟೆ ಕಳೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಕಂಡ ಹಕ್ಕಿ, ಅವುಗಳ ಸಂಖ್ಯೆ ಬರೆಯಿರಿ. ಪಕ್ಕದಲ್ಲಿ ಆ ದಿನದ ಪತ್ರಿಕೆಯಲ್ಲಿ ಬಂದ ಭದ್ರಾ ಜಲಾಶಯದ ಮಟ್ಟವನ್ನೂ ಬರೆಯಿರಿ. ಒಂದು ವರ್ಷ ಹೀಗೆ ಬರೆದರೆ, ನೀರಿಗೂ ಹಕ್ಕಿಗೂ ಇರುವ ಸಂಬಂಧವನ್ನು ಯಾವ ಮೇಷ್ಟರೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಹರಿಹರದವರು ಫೆಬ್ರುವರಿಯಿಂದ ಜೂನ್‌ವರೆಗೆ ನದಿಯ ನಡುವಿನ ಮರಳುದಿಣ್ಣೆಗೆ ಕ್ರಿಕೆಟ್ ಆಡಲು ಹೋಗುವ ಮೊದಲು, ದಡದಲ್ಲೇ ನಿಂತು ಹತ್ತು ನಿಮಿಷ ನೋಡಿ. ತಲೆಯ ಮೇಲೆ ಹಕ್ಕಿಗಳು ಕಿರುಚುತ್ತಾ ಸುತ್ತುತ್ತಿದ್ದರೆ, ಅದು ತಮಾಷೆಯಲ್ಲ, ಬೇಡಿಕೆ ಎಂದು ತಿಳಿದು ಹಿಂದಿರುಗಿ.

ನಮ್ಮ ತಂಡ ವಾಪಸಾಗುವಾಗ ಫೋಟೋ ಬೇಕೆಂದಿದ್ದ ಹುಡುಗ ನನ್ನ ಪಕ್ಕದಲ್ಲಿ ಕುಳಿತಿದ್ದ. ಅವನ ಮೊಬೈಲಿನಲ್ಲಿ ದ್ವೀಪ ಒಂದು ಕೆಂಪು ಗೆರೆ, ಹಕ್ಕಿಗಳು ಬಿಳಿ ಚುಕ್ಕೆ. “ಏನೂ ಸರಿಯಾಗಿ ಬಂದಿಲ್ಲ ಸರ್” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರೂ ಒಂದೂ ಎದ್ದಿಲ್ಲ ನೋಡಿ, ಎಲ್ಲಾ ಕೂತೇ ಇದಾವೆ” ಎಂದು ಚುಕ್ಕೆಗಳನ್ನು ಎಣಿಸತೊಡಗಿದ. ಭದ್ರಾವತಿ ಬರುವಷ್ಟರಲ್ಲಿ ನೂರ ಹದಿನಾಲ್ಕು ಎಣಿಸಿದ್ದ.

ಮುಂದಿನ ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದಾಗ, ನಾಲೆಗೆ ನೀರು ಬಂತೆಂದು ಮನೆಯಲ್ಲಿ ಸಂಭ್ರಮವಾದಾಗ, ಲಕ್ಕವಳ್ಳಿಯ ಕಡೆ ಒಂದು ದಿಬ್ಬ ತಲೆ ಎತ್ತುತ್ತಿದೆ ಎಂದು ನೆನೆಯಿರಿ. ಅಲ್ಲಿ ಕಲ್ಲಿನಂತೆ ಕಾಣುವುದೆಲ್ಲ ಕಲ್ಲಲ್ಲ.